ಪಗಾರಕ್ಕಾಗಿ ಹೂಡಿದ ಒಲೆ

ನನ್ನ ತಂಗಿಗೆ ಕಣ್ಣಿಲ್ಲ. ಆ ಇಲ್ಲದ ಕಣ್ಣಿನ ಮೇಲೆ ನಾನು ಹೊಟ್ಟೆಕಿಚ್ಚು ಪಟ್ಟಿದ್ದೇನೆ ಅಂದರೆ ನಂಬುವವರು ಕಡಿಮೆ. ನಂಬದವರು ಬಿಡಲಿ. ಪಟ್ಟವಳು ನಾನು, ಅದರ ಉರಿ ನನಗೆ ಗೊತ್ತು.

ನಮ್ಮದು ವಾಡಿಗೂ ಶಹಾಬಾದಿಗೂ ನಡುವಿನ ಒಂದು ಸಣ್ಣ ಊರು. ನೆಲಕ್ಕೂ ಫರಸಿ ಕಲ್ಲಿನ ಚಪ್ಪಡಿ, ಮಾಳಿಗೆಗೂ ಫರಸಿ ಕಲ್ಲು, ಹಿತ್ತಲಿನ ಬೇಲಿಗೂ ನಿಲ್ಲಿಸಿದ ಫರಸಿ ಕಲ್ಲೇ. ಅಪ್ಪ ನಾವು ಸಣ್ಣವರಿದ್ದಾಗಲೇ ಹೋದ. ಅವ್ವ ಖಣಿಯಲ್ಲಿ ಬುಟ್ಟಿ ಹೊತ್ತು ಚೂರುಗಲ್ಲು ಹಾಕುವ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ನಾವು ಮೂವರೇ: ಅವ್ವ, ನಾನು, ನನಗಿಂತ ಮೂರು ವರ್ಷಕ್ಕೆ ಸಣ್ಣವಳಾದ ತಂಗಿ.

ನನಗೆ ಎರಡು ವರ್ಷವಿದ್ದಾಗ ಜ್ವರ ಬಂದು ಎಡಗಾಲು ಸೊರಗಿತಂತೆ. ಇವತ್ತಿಗೂ ಎಡಗೈಯನ್ನು ಮೊಣಕಾಲಿನ ಮೇಲೆ ಊರಿಯೇ ನಡೆಯುತ್ತೇನೆ. ಆರು ವರ್ಷದ ತನಕ ಅವ್ವ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದಳು. ಖಣಿಗೂ ಹೊತ್ತೊಯ್ದಳು, ಸಂತೆಗೂ ಹೊತ್ತೊಯ್ದಳು. ತಂಗಿಯನ್ನು ಓಣಿಯ ಮುದುಕಿಯರ ಹತ್ತಿರ ಬಿಟ್ಟು ನನ್ನನ್ನು ಎತ್ತಿಕೊಳ್ಳುತ್ತಿದ್ದಳು, ಯಾಕೆಂದರೆ ತಂಗಿಗೆ ಕಾಲಿದ್ದವು. ಆಮೇಲೆ ತಂಗಿಗೆ ಅಮ್ಮ ಬಂದಳು, ಅಂದರೆ ಸಿಡುಬು. ಮೈತುಂಬ ಗುಳ್ಳೆ. ಬದುಕಿ ಉಳಿದಳು, ಕಣ್ಣು ಎರಡೂ ಹೋದವು. ಅವತ್ತು ಅವ್ವ ನನ್ನನ್ನು ಸೊಂಟದಿಂದ ಇಳಿಸಿ ಅವಳನ್ನು ಎತ್ತಿಕೊಂಡಳು. ನನ್ನನ್ನು ಮತ್ತೆ ಎತ್ತಲಿಲ್ಲ.

ಇದರಲ್ಲಿ ಅವ್ವನ ತಪ್ಪಿಲ್ಲ, ತಂಗಿಯದಂತೂ ಮೊದಲೇ ಇಲ್ಲ. ಆರು ವರ್ಷದ ಹುಡುಗಿಗೆ ಇದೆಲ್ಲ ಯಾರು ತಿಳಿಸಿ ಹೇಳಬೇಕು? ಇಪ್ಪತ್ತಾರು ವರ್ಷದವಳಿಗೆ ಹೇಳಿದ್ದರೂ ತಿಳಿಯುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಬೆಳೆಯುತ್ತ ಬೆಳೆಯುತ್ತ ಊರು ಪೂರ್ತಿ ಅವಳ ಕಡೆಗಾಯಿತು. ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಓಣಿಯವರು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ಕಣ್ಣಿಲ್ಲದೆ ಅಷ್ಟು ತೆಳ್ಳಗೆ, ಅಷ್ಟು ದುಂಡಗೆ ಹೇಗೆ ಬಡಿಯುತ್ತಾಳೆ ಅಂತ ಅವರಿಗೆ ಬೆರಗು. ನಾನು ಬಡಿದ ರೊಟ್ಟಿಯೂ ದುಂಡಗೇ ಇರುತ್ತಿತ್ತು. ಕಣ್ಣಿದ್ದವಳು ದುಂಡಗೆ ಬಡಿದರೆ ಅದರಲ್ಲೇನು ಹೆಚ್ಚುಗಾರಿಕೆ? ನನಗೆ ಸಿಟ್ಟು ಬಂದು ಒಂದು ಮಾತು ಆಡಿದರೆ, "ಕುಂಟನಿಗಿ ಎಂಟು ಚೇಷ್ಟಿ" ಅಂತ ನಗುತ್ತಿದ್ದರು. ಆ ಗಾದೆಯಲ್ಲಿ ಕುರುಡರ ಪಾಲಿಗೂ ಒಂದು ತುಂಡು ಇದೆ. ಅದನ್ನು ಮಾತ್ರ ಯಾರೂ ಅವಳಿಗೆ ಅನ್ನುತ್ತಿರಲಿಲ್ಲ.

ಇಬ್ಬರಿಗೂ ಸರಿಸಮವಾಗಿ ಸಿಕ್ಕಿದ್ದು ಅಂದರೆ ಒಂದೇ, ಪಗಾರ.

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದು ಕೆಲವು ವರ್ಷಗಳಾಗಿದ್ದವು. ಅಂಗವಿಕಲರಿಗೆ ಸರ್ಕಾರ ತಿಂಗಳು ತಿಂಗಳು ದುಡ್ಡು ಕೊಡುತ್ತದೆ ಅಂತ ಊರಿನ ಶಾಲೆಯ ಮಾಸ್ತರರು ಅರ್ಜಿ ಬರೆದುಕೊಟ್ಟರು. ಕಾಗದದಲ್ಲಿ ಅದಕ್ಕೆ ಮಾಸಾಶನ ಅಂತ ಹೆಸರು. ನಮ್ಮ ಬಾಯಲ್ಲಿ ಅದು ಪಗಾರ. ದುಡಿದವರಿಗೆ ಮಾತ್ರ ಸಿಗುವ ಆ ಹೆಸರು ನಮ್ಮಂಥವರ ದುಡ್ಡಿಗೂ ಸಿಕ್ಕಿತಲ್ಲ ಅಂತ ನನಗೆ ಒಳಗೊಳಗೇ ಜಂಬ. ದೊಡ್ಡ ಮೊತ್ತವೇನಲ್ಲ. ಆದರೆ ಅವ್ವ ಬುಟ್ಟಿ ಹೊತ್ತು ತಂದದ್ದರಲ್ಲಿ ತಿನ್ನುವುದಕ್ಕೂ, ನನ್ನ ಹೆಸರು ಕೂಗಿ ಕೊಟ್ಟದ್ದರಲ್ಲಿ ತಿನ್ನುವುದಕ್ಕೂ ಗಂಟಲಲ್ಲೇ ವ್ಯತ್ಯಾಸವಿತ್ತು.

ಮನಿಯಾರ್ಡರ್ ಬಂದ ದಿನ ಅಂಚೆಯಣ್ಣ ಸೈಕಲ್ಲನ್ನು ನಮ್ಮ ಬಾಗಿಲಿಗೆ ಒರಗಿಸಿ ಮೊದಲು ನನ್ನ ಹೆಸರು ಕೂಗುತ್ತಿದ್ದ, ಆಮೇಲೆ ತಂಗಿಯದು. ನಾನು ನಾಲ್ಕನೇ ಇಯತ್ತೆ ಓದಿದವಳು, ರುಜು ಹಾಕುತ್ತಿದ್ದೆ. ತಂಗಿಯದು ಹೆಬ್ಬೆಟ್ಟು. ಅವಳು ಸೈಕಲ್ಲಿನ ಗಂಟೆ ಕೇಳಿದ ಕೂಡಲೇ ಕೈ ತೊಳೆದು, ಸೆರಗಿನಿಂದ ಹೆಬ್ಬೆರಳು ಒರೆಸಿಕೊಂಡು ಸಿದ್ಧಳಾಗಿ ನಿಲ್ಲುತ್ತಿದ್ದಳು. ಆತ ಅವಳ ಹೆಬ್ಬೆರಳನ್ನು ತಾನೇ ಹಿಡಿದು ಮಸಿಗೆ ಮುಟ್ಟಿಸಿ, ಕಾಗದದ ಮೇಲೆ ಮೆಲ್ಲಗೆ ಒತ್ತಿಸುತ್ತಿದ್ದ. ಅವಳು ಕೊಟ್ಟ ನೀರನ್ನೇ ಕುಡಿದು ಹೋಗುತ್ತಿದ್ದ. ನಾನು ಅಷ್ಟು ಚೆಂದ ಅಕ್ಷರದಲ್ಲಿ ರುಜು ಹಾಕಿದ್ದನ್ನು ಒಂದು ದಿನವೂ ಹೊಗಳಲಿಲ್ಲ. ಹೀಗೆ ಎಲ್ಲದರಲ್ಲೂ ಲೆಕ್ಕ ಹಿಡಿಯುವ ಗುಣ ನನಗೆ ಎಲ್ಲಿಂದ ಬಂತೋ, ನಮ್ಮವ್ವನಿಗಂತೂ ಇರಲಿಲ್ಲ.

ಒಂದು ಬೇಸಿಗೆ, ಪಗಾರ ಕಡಿತ ಆಗುತ್ತದೆ ಅನ್ನುವ ಸುದ್ದಿ ಎದ್ದಿತು. ಶಹಾಬಾದಿನ ಸಂತೆಯಲ್ಲಿ ಒಬ್ಬ ಅಂದ, ಮರುದಿನ ವಾಡಿಯ ಸ್ಟೇಷನ್ನಿನಲ್ಲಿ ನಾಲ್ಕು ಜನ ಅಂದರು. ದುಡ್ಡು ಜಾಸ್ತಿ ಹೋಗುತ್ತಿದೆಯಂತೆ, ಹೆಸರು ಕಡಿಮೆ ಮಾಡುತ್ತಾರಂತೆ, ಮನೆಮನೆಗೆ ಬಂದು ನೋಡುತ್ತಾರಂತೆ. ಎಲ್ಲವೂ 'ಅಂತೆ'. ಅಂತೆಕಂತೆಗೆ ಅನ್ನ ಹುಟ್ಟುವುದಿಲ್ಲ, ಆದರೆ ಇದ್ದ ಅನ್ನ ಗಂಟಲಲ್ಲಿ ಇಳಿಯದಂತೆ ಮಾಡುತ್ತದೆ. ಅವ್ವ ಎರಡು ದಿನ ಸುಮ್ಮನಿದ್ದಳು. ಮೂರನೇ ದಿನ ನಾನೇ ಹೊರಟೆ, ಏನೆಂದು ಕೇಳಿಕೊಂಡು ಬರುತ್ತೇನೆ ಅಂತ ವಾಡಿಯಿಂದ ಪ್ಯಾಸೆಂಜರ್ ರೈಲು ಹತ್ತಿ ಚಿತ್ತಾಪುರಕ್ಕೆ ಹೋದೆ.

ಅಲ್ಲಿ ತಾಲೂಕು ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ನನ್ನಂಥವರೇ ಮೂವತ್ತು ನಲವತ್ತು ಮಂದಿ ಕೂತಿದ್ದರು. ಅಷ್ಟು ಜನ ಕುಂಟರು, ಕುರುಡರು, ಮೊಂಡುಗೈಯವರನ್ನು ಒಂದೇ ಕಡೆ ನಾನು ಅದುವರೆಗೆ ನೋಡಿರಲಿಲ್ಲ. ಎಲ್ಲರ ಮುಖದಲ್ಲೂ ಹೆದರಿಕೆ. ಆದರೂ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ಅಳೆಯುವುದು ಬಿಟ್ಟಿರಲಿಲ್ಲ. ಇವನಿಗೆ ಒಂದು ಕೈ ನೆಟ್ಟಗಿದೆ, ಅವಳಿಗೆ ಒಂದು ಕಣ್ಣು ಕಾಣಿಸುತ್ತದೆ, ನನಗಿಂತ ಇವರೇ ವಾಸಿ, ಕಡಿದರೆ ಇವರದು ಕಡಿಯಲಿ. ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ನಾನೂ ಅನ್ನಲಿಲ್ಲ, ಅಳೆದೆ. ಸೈಕಲ್ ತುಳಿದುಕೊಂಡು ಬಂದವನೊಬ್ಬ ಅದನ್ನು ಮೂಲೆಯ ಹೋಟೆಲಿನ ಹಿಂದೆ ಬಚ್ಚಿಟ್ಟು, ಗೋಡೆ ಹಿಡಿದು ನಡೆಯುತ್ತ ಬಂದ. ಕಚೇರಿಯ ಬಾಗಿಲು ಕಿರ್ ಅಂದಾಗಲೆಲ್ಲ ಎಲ್ಲರ ಸೊಂಟವೂ ಒಂದಿಷ್ಟು ಹೆಚ್ಚು ಬಾಗುತ್ತಿತ್ತು. ನಾನು ಮಾತ್ರ ಹಟಕ್ಕೆ ಬಿದ್ದು ಆದಷ್ಟು ನೆಟ್ಟಗೆ ನಡೆದು ಬಂದಿದ್ದೆ, ಆಮೇಲೆ ಪಶ್ಚಾತ್ತಾಪವಾಯಿತು.

ಒಳಗಿನಿಂದ ಯಾರೂ ಏನೂ ಹೇಳಲಿಲ್ಲ. ಇನ್ನೂ ಕಾಗದ ಬಂದಿಲ್ಲ, ಬಂದ ಮೇಲೆ ತಿಳಿಸುತ್ತೇವೆ ಅಂದರು. ತಿಳಿಸಿದ್ದು ಮರದ ಕೆಳಗಿದ್ದವರು. ಬಗಲಲ್ಲಿ ಕೋಲು ಇಟ್ಟುಕೊಂಡ ಒಬ್ಬ ಮುದುಕ, ಸೇಡಂ ಕಡೆಯವನು, ಮಗಳ ಮನೆಗೆ ಬಂದವನಂತೆ, ಎಲ್ಲ ಬಲ್ಲವನ ಹಾಗೆ ಕೂತಿದ್ದ.

"ಚಿಂಚೋಳಿ ಕಡಿ ಆಗ್ಲೇ ಸುರು ಆಗ್ಯಾದ," ಅಂದ. "ಒಂದ್ ಮನಿಗಿ ಒಂದೇ ಪಗಾರ. ಎರಡ ಇದ್ರ ಒಂದು ಬಂದ್."

ನಾನು ಅವನ ಹತ್ತಿರಕ್ಕೆ ಸರಿದು ಅಂದೆ, "ನಮ್ಮ ಮನ್ಯಾಗ ಎರಡು ಅವರಿ. ನಂದೊಂದು, ನಮ್ಮ ತಂಗೀದೊಂದು."

"ತಂಗೀಗಿ ಏನಾಗ್ಯಾದ?"

"ಕಣ್ಣಿಲ್ರಿ."

ಆತ ನನ್ನ ಕಾಲು ನೋಡಿದ. ಅವನು ಏನು ಅಂದುಕೊಂಡನೆಂದು ಬಿಡಿಸಿ ಹೇಳಬೇಕಿರಲಿಲ್ಲ. ಕುರುಡುಗಣ್ಣಿಗಿಂತ ಮೆಳ್ಳಗಣ್ಣು ವಾಸಿ ಅಂತಾರೆ. ಪಗಾರದ ವಿಷಯದಲ್ಲಿ ಅದು ಉಲ್ಟಾ. ಇಬ್ಬರಲ್ಲಿ ಒಬ್ಬರದು ಉಳಿಯುವುದಾದರೆ ಅದು ಅವಳದೇ. ಅವ್ವನನ್ನು ಕೇಳಿದರೂ ಅವಳದೇ ಅನ್ನುತ್ತಾಳೆ, ಊರನ್ನು ಕೇಳಿದರೂ ಅವಳದೇ. ನಾನು ಮತ್ತೆ ಸೊಂಟದಿಂದ ಇಳಿಯುವವಳು.

ಮುದುಕ ಬೀಡಿ ಹಚ್ಚಿ ಅಂದ, "ಮನಿ ಅಂದ್ರ ಏನವ್ವ? ಗ್ವಾಡಿ ಏನು? ಮನಿ ಅಂದ್ರ ಒಲಿ. ರೇಷನ್ ಕಾರ್ಡಿನವರು ಬಂದಾಗ ಏನ್ ಕೇಳ್ತಾರ, ಒಲಿ ಎಷ್ಟ ಅವ ಅಂತ ಕೇಳ್ತಾರ. ಒಲಿ ಎರಡು ಮಾಡ್ರಿ. ಮನಿ ಎರಡು ಆಯ್ತು, ಪಗಾರ ಎರಡು ಆಯ್ತು."

ಇದನ್ನು ಕೇಳಿ ನನಗೆ ಕುಂಟುಗಾಲಿಗೆ ರೆಕ್ಕೆ ಬಂದ ಹಾಗಾಯಿತು. ನಮ್ಮ ಕಡೆ ಅಣ್ಣತಮ್ಮಂದಿರು ಬೇರೆ ಆಗುವುದು ಹಾಗೇ. ಹೊಲ ಹಂಚುವ ಮೊದಲು ಒಲೆ ಬೇರೆಯಾಗುತ್ತದೆ. ಹಳೆಯ ಒಲೆ ಕಿರಿಯನಿಗೆ. ಹಿರಿಯ ಹೊಸ ಒಲೆ ಹೂಡುತ್ತಾನೆ. ತಾಯಿ ಹಳೆಯ ಒಲೆಯ ಕೆಂಡವನ್ನು ಹಂಚಿನ ಚೂರಿನ ಮೇಲೆ ಇಟ್ಟು ಹೊಸ ಒಲೆಗೆ ಒಯ್ದು ಹಾಕುತ್ತಾಳೆ. ಅಷ್ಟಾದರೆ ಊರು ಎರಡು ಮನೆ ಅಂತ ಒಪ್ಪಿಕೊಂಡ ಹಾಗೆ. ಗಂಡುಮಕ್ಕಳು ಮಾಡಿದ್ದನ್ನು ನಾವು ಹೆಣ್ಣುಮಕ್ಕಳು ಮಾಡಿದರೆ ಆಯಿತಲ್ಲ.

ಮನೆಗೆ ಬಂದು ಹೇಳಿದಾಗ ಅವ್ವ ಬೇಡ ಅಂದಳು. "ಸುಳ್ಳಿಗೂ ಒಲಿ ಬ್ಯಾರೆ ಮಾಡಬಾರದವ್ವ. ಒಮ್ಮೆ ಬ್ಯಾರೆ ಆಗಿದ್ದು ಕೂಡಂಗಿಲ್ಲ."

"ನಾಟಕ ಇದು. ಬಂದು ನೋಡಿ ಹೋದ ಮ್ಯಾಲ ಕೆಡವಿದ್ರಾಯ್ತು," ಅಂದೆ.

ತಂಗಿ ನಕ್ಕು, "ಅಕ್ಕ ಹೇಳಿದಂಗ ಮಾಡವ್ವ. ಓದಿದಾಕಿ," ಅಂದಳು. ಅವಳು ಹೊಗಳಿದರೂ ನನಗೆ ಚುಚ್ಚುತ್ತಿತ್ತು.

ಮರುದಿನ ಖಣಿಯಿಂದ ಒಂದು ಮುಕ್ಕಾದ ಫರಸಿ ತಂದು ಮನೆಯ ನಡುವೆ ನಿಲ್ಲಿಸಿದೆವು. ನಿಂತರೆ ಸೊಂಟದ ಎತ್ತರ, ಕೂತರೆ ತಲೆಯ ಎತ್ತರ. ಬಾಗಿಲ ಕಡೆಯ ಭಾಗ ನನ್ನದು, ಹಳೆಯ ಒಲೆ ಇದ್ದ ಗೋಡೆಯ ಕಡೆಯದು ತಂಗಿಯದು. ಕೆಮ್ಮಣ್ಣು ಕಲಸಿ ನಾನೇ ಒಲೆ ಹೂಡಿದೆ. ಒಳ್ಳೆಯ ದಿನ ನೋಡಿ ಅವ್ವ ಹಂಚಿನ ಚೂರಿನಲ್ಲಿ ಕೆಂಡ ತಂದು ಹಾಕಿದಳು. ನಾನು ಊದಿ ಉರಿ ಎಬ್ಬಿಸಿ ಮೊದಲ ರೊಟ್ಟಿ ಬಡಿದೆ. ಪುಂಡಿಪಲ್ಲೆ ಮಾಡಿದೆ. ಎರಡು ತಾಟು ತೊಳೆದಿಟ್ಟೆ.

ಎರಡು ಯಾಕೆಂದು ಬೇರೆ ಹೇಳಬೇಕೇ? ಒಲೆ ಎರಡಾದ ಮೇಲೆ ಅವ್ವ ಎಲ್ಲಿ ಉಣ್ಣಬೇಕು ಅನ್ನುವುದನ್ನು ನಾವು ಯಾರೂ ಮಾತಾಡಿರಲಿಲ್ಲ. ಆದರೆ ಚಿತ್ತಾಪುರದಿಂದ ಬರುವಾಗ ರೈಲಿನಲ್ಲಿ ನಾನು ಯೋಚಿಸಿದ್ದು ಅದನ್ನೊಂದೇ. ಪಗಾರ ಉಳಿಯುವ ಯೋಚನೆಗಿಂತ ಹೆಚ್ಚು ಹೊತ್ತು ಅದನ್ನು ಯೋಚಿಸಿದ್ದೆ ಅಂತ ಈಗ ಒಪ್ಪಿಕೊಳ್ಳುತ್ತೇನೆ. ನನ್ನದು ಹೊಸ ಒಲೆ, ಅಡಿಗೆಯೂ ನನ್ನದೇ ರುಚಿ, ನಾನು ಹಿರಿಯ ಮಗಳು. ಅವ್ವ ನನ್ನ ಕಡೆ ಕೂರುತ್ತಾಳೆ. ಇಪ್ಪತ್ತು ವರ್ಷದ ಮೇಲಾದರೂ ನನ್ನ ಕಡೆ ಬರುತ್ತಾಳೆ.

ಅವ್ವ ಫರಸಿಯ ಆಚೆಗೆ ಹೋಗಿ ಕೂತಳು.

"ಆಕಿಗಿ ಬೆಂಕಿ ಕಾಣಂಗಿಲ್ಲ," ಅಂದಳು, ನಾನು ಏನೂ ಕೇಳದಿದ್ದರೂ.

ಆ ಒಲೆಯ ಮುಂದೆ ಆರೇಳು ವರ್ಷದಿಂದ ರೊಟ್ಟಿ ಸುಟ್ಟವಳು ಒಂದು ದಿನವೂ ಬೆರಳು ಸುಟ್ಟುಕೊಂಡಿರಲಿಲ್ಲ. ನಾನೇ ವಾರಕ್ಕೆರಡು ಸಲ ಸುಟ್ಟುಕೊಳ್ಳುತ್ತಿದ್ದೆ. ಒಂದು ತಾಟನ್ನು ಎತ್ತಿ ಗೋಡೆಗೆ ಒರಗಿಸಿಟ್ಟು ಉಂಡೆ. ಪುಂಡಿಪಲ್ಲೆ ಚೆನ್ನಾಗಿತ್ತು. ಅದೊಂದು ಸಿಟ್ಟು ಬೇರೆ.

ಅವತ್ತಿನಿಂದ ನಾನು ನಾಟಕವನ್ನು ನಿಜಕ್ಕಿಂತ ಕಟ್ಟುನಿಟ್ಟಾಗಿ ನಡೆಸಿದೆ. ಅತ್ತಣ ಉಪ್ಪು ಇತ್ತ ಬರಬಾರದು, ಇತ್ತಣ ಹಿಟ್ಟು ಅತ್ತ ಹೋಗಬಾರದು. ಓಣಿಯವರು ನೋಡಿ ಚಾಡಿ ಹೇಳಿದರೆ ಪಗಾರ ಹೋಗುತ್ತದೆ ಅಂತ ಅವ್ವನನ್ನು ಹೆದರಿಸಿದೆ. ಅವ್ವ ಪಾಪ, ನಂಬಿದಳು. ಖಣಿಯಿಂದ ಬಂದು ತನ್ನ ಕೂಲಿಯ ಜೋಳವನ್ನು ಎರಡು ಗುಡ್ಡೆ ಮಾಡಿ, ಕತ್ತಲಾಗುವ ಮೊದಲೇ ನನ್ನ ಪಾಲನ್ನು ಸೆರಗಲ್ಲಿ ಮುಚ್ಚಿ ತಂದಿಟ್ಟು ಕಳ್ಳಿಯಂತೆ ಹೋಗುತ್ತಿದ್ದಳು. ಒಂದು ಮಾತು ಆಡಿ ಹೋಗು ಅಂತ ನಾನು ಅನ್ನಲಿಲ್ಲ.

ಬಾಯಿಂದ ಕರೆಯದಿದ್ದರೂ ವಾಸನೆಯಿಂದ ಕರೆದೆ. ದಿನವೂ ಒಂದೊಂದು ಮಾಡಿದೆ: ಶೇಂಗಾ ಹಿಂಡಿ, ಹಸಿಖಾರದ ಬದನೆಕಾಯಿ, ಬೆಳ್ಳುಳ್ಳಿಯ ದಟ್ಟ ಒಗ್ಗರಣೆ ಹಾಕಿದ ಬೇಳೆ. ಒಬ್ಬಳಿಗೆ ಅಷ್ಟು ಯಾಕೆ? ವಾಸನೆಗೆ ಫರಸಿ ಅಡ್ಡ ಬರುವುದಿಲ್ಲವಲ್ಲ, ಅದಕ್ಕೆ. ಅತ್ತ ಕಡೆಯಿಂದ ಅವ್ವ, "ವಾಸನಿ ಭಾಳ ಚೆಂದ ಬರ್ಲಿಕತ್ತದ," ಅನ್ನುತ್ತಿದ್ದಳು. ಅನ್ನುತ್ತ ಅಲ್ಲೇ ಇರುತ್ತಿದ್ದಳು. ಒಂದು ದಿನ ಅವಳ ತಲೆಯನ್ನೇ ನೋಡುತ್ತ ಕೂತಿದ್ದೆ. ಫರಸಿಯ ಮೇಲೆ ಅವಳ ನೆತ್ತಿ ಮಾತ್ರ ಕಾಣುತ್ತಿತ್ತು, ಅದು ಯಾವಾಗಲೂ ತಂಗಿಯ ಕಡೆಗೇ ವಾಲಿರುತ್ತಿತ್ತು. ಅಷ್ಟರಲ್ಲಿ ತಂಗಿಯ ದನಿ ಬಂತು.

"ಅಕ್ಕ, ಬಳ್ಳೊಳ್ಳಿ ಹೊತ್ತಲಿಕತ್ತದ ನೋಡು."

ನೋಡಿದರೆ ನಿಜವಾಗಿಯೂ ಸೀದು ಕರ್ರಗಾಗಿತ್ತು. ನನ್ನ ಒಲೆಯ ಮೇಲಿನದನ್ನೂ ನನಗಿಂತ ಮೊದಲು ಅವಳೇ ಕಂಡಳು. ಬಾಣಲೆಯನ್ನು ಹಾಗೇ ಒಯ್ದು ಹಿತ್ತಲಿಗೆ ಚೆಲ್ಲಿದೆ.

ಮಳೆಗಾಲ ಹಿಡಿಯುವ ಹೊತ್ತಿಗೆ ಕೊನೆಗೂ ನೋಡುವವರು ಬಂದರು. ತಾಲೂಕಿನ ಕಡೆಯ ಒಬ್ಬ ಸಾಹೇಬರು, ಜೊತೆಗೆ ನಮ್ಮೂರಿನ ಲೆಕ್ಕಿಗ. ಅವನನ್ನು ನಾವು ಹಳೆಯ ರೂಢಿಯಂತೆ ಪಟವಾರಿ ಅನ್ನುತ್ತಿದ್ದೆವು. ಇಬ್ಬರೂ ಕೆಸರಲ್ಲಿ ನಡೆದು ಬಂದಿದ್ದರು. ಹೊರಗೆ ಕಟ್ಟೆಯ ಹತ್ತಿರ ನಿಂತು ಕಾಲು ತೊಳೆಯಲು ನೀರು ಕೇಳಿದರು. ತಂಗಿ ಕೊಡ ಒಯ್ದು ನೀರು ಹಾಕಿದಳು. ನಾನು ಒಳಗೆ ನನ್ನ ಒಲೆಯ ಬೂದಿಯನ್ನು ಕೆದರಿ ಕೆಂಡ ಕಾಣುವಂತೆ ಮಾಡಿದೆ, ಪಾತ್ರೆಗಳನ್ನು ಎದ್ದು ಕಾಣುವ ಹಾಗೆ ಜೋಡಿಸಿದೆ. ಅವ್ವ ಅವತ್ತು ಖಣಿಗೆ ಹೋಗದೆ ಮೂಲೆಯಲ್ಲಿ ನಿಂತಿದ್ದಳು.

"ಬರ್ರಿ ಸಾಹೇಬ್ರ, ಕುಂದ್ರಿ," ಅಂದಳು ಅವ್ವ, ಒಳಗೆ ಬಂದವರಿಗೆ.

ಸಾಹೇಬರು ಕೂರಲಿಲ್ಲ. ಒಳ್ಳೆಯ ಮನುಷ್ಯನ ಹಾಗೇ ಕಂಡರು, ಭಾಳ ದಣಿದಿದ್ದರು. ಕಾಗದ ಬಿಡಿಸಿ ನಮ್ಮಿಬ್ಬರ ಹೆಸರು ಓದಿದರು. ನಾನು ತಡೆಯಲಾರದೆ, "ಒಲಿ ಎರಡು ಅವರಿ. ಇದು ನಂದು, ಅದು ಅವರದು. ನಾವು ಬ್ಯಾರೆ," ಅಂದೆ.

"ಒಲಿ ಎಣಸ್ಲಿಕ್ಕಿ ಬಂದಿಲ್ಲವ್ವ ನಾ," ಅಂದರು. "ಯಾರಿಗಿ ಯಾರು ನೋಡ್ಕೋತಾರ, ಅದು ಬರ್ಕೋಬೇಕು. ದುಡದು ಹಾಕೋರು ಅದಾರೋ ಇಲ್ಲೋ, ಅಷ್ಟೇ."

ಮರದ ಕೆಳಗಿನ ಮುದುಕ ಹೇಳಿದ್ದು ಒಂದು, ಕಾಗದದಲ್ಲಿ ಇದ್ದದ್ದು ಇನ್ನೊಂದು. ಅವರು ತಂಗಿಯ ಕಡೆ ತಿರುಗಿ, ನೀನು ಯಾರ ಜೊತೆ ಉಣ್ಣುತ್ತೀ ಅಂತ ಕೇಳಿದರು.

"ಅವ್ವನ ಕೂಡ್ರಿ. ಅವ್ವ ಖಣ್ಯಾಗ ದುಡೀತಾಳ," ಅಂದಳು ತಂಗಿ, ಯಾವ ಅಳುಕೂ ಇಲ್ಲದೆ.

ಬರೆದುಕೊಂಡರು. ಆಮೇಲೆ ನನ್ನನ್ನು ತೋರಿಸಿ, "ಈಕಿಗಿ ಯಾರು ನೋಡ್ತಾರ?"

ನಾನು ಉತ್ತರ ಕೊಡಬಹುದಿತ್ತು. ನಮ್ಮಿಬ್ಬರಿಗೂ ಒಬ್ಬಳೇ ಅವ್ವ, ಇಬ್ಬರಿಗೂ ಅವಳೇ ದುಡಿದು ಹಾಕುತ್ತಾಳೆ ಅಂತ ಹೇಳಬಹುದಿತ್ತು. ಹೇಳಿದ್ದರೆ ಇಬ್ಬರದೂ ಹೋಗುತ್ತಿತ್ತೋ, ಇಬ್ಬರದೂ ಉಳಿಯುತ್ತಿತ್ತೋ ಯಾರಿಗೆ ಗೊತ್ತು. ಆದರೆ ಆ ಗಳಿಗೆಯಲ್ಲಿ ನನಗೆ ಹೊಳೆದದ್ದು, ಈ ಒಂದು ಸಲ ತಕ್ಕಡಿ ನನ್ನ ಕಡೆ ವಾಲುತ್ತಿದೆ ಅನ್ನುವುದು. ನಾನು ಸುಮ್ಮನೆ ನಿಂತೆ.

ಉತ್ತರ ಕೊಟ್ಟವಳು ತಂಗಿ. "ಅಕ್ಕಗ ಯಾರೂ ಇಲ್ರಿ," ಅಂದಳು.

ಸಾಹೇಬರು ಅವ್ವನ ಮುಖ ನೋಡಿದರು. "ಖರೇನ?"

ಅವ್ವ ನನ್ನನ್ನು ನೋಡಿದಳು. "ಹೌದ್ರಿ," ಅಂದಳು.

ಅವರು ಬರೆದದ್ದನ್ನು ಪಟವಾರಿ ಗಟ್ಟಿಯಾಗಿ ಓದಿ ಹೇಳಿದ. ಕಿರಿಯಳು ತಾಯಿಯ ಆಶ್ರಯದಲ್ಲಿದ್ದಾಳೆ. ಹಿರಿಯಳಿಗೆ ಯಾರ ಆಶ್ರಯವೂ ಇಲ್ಲ. ನಾನು ನನ್ನ ಚೆಂದದ ಅಕ್ಷರದಲ್ಲಿ ಅದರ ಕೆಳಗೆ ರುಜು ಹಾಕಿದೆ. ತಂಗಿ ಹೆಬ್ಬೆಟ್ಟು ಒತ್ತಿದಳು.

ಅವರು ಹೋದ ಮೇಲೆ ನನಗೆ ಗೆದ್ದ ಖುಷಿಯೂ ಇತ್ತು, ಹೊಟ್ಟೆಯಲ್ಲಿ ಬೆಂಕಿಯೂ ಇತ್ತು. ಅಕ್ಕನಿಗೆ ಯಾರೂ ಇಲ್ಲ ಅಂತ ಅಷ್ಟು ಸಲೀಸಾಗಿ ಹೇಗೆ ಅಂದಳು? ಅವ್ವ ತನ್ನವಳು ಅಂತ ಸರ್ಕಾರದ ಕಾಗದದಲ್ಲೇ ಬರೆಸಿಕೊಂಡುಬಿಟ್ಟಳಲ್ಲ. ಒಂದೂವರೆ ತಿಂಗಳು ನಾನು ಅವಳ ಜೊತೆ ಒಂದು ಮಾತೂ ಆಡಲಿಲ್ಲ. ಫರಸಿಯ ಆಚೆಯಿಂದ ಅವಳು ಕರೆದರೆ ಪಾತ್ರೆ ಸಪ್ಪಳ ಮಾಡುತ್ತಿದ್ದೆ.

ಮನಿಯಾರ್ಡರ್ ಬರುವುದು ಅಷ್ಟರಲ್ಲಿ ಒಂದು ತಿಂಗಳು ತಪ್ಪಿತ್ತು. ಎರಡನೇ ತಿಂಗಳು ಒಂದು ಮಧ್ಯಾಹ್ನ ಸೈಕಲ್ಲಿನ ಗಂಟೆ ಕೇಳಿಸಿತು. ಖಣಿಗೆ ರಜೆ, ಅವ್ವನೂ ಮನೆಯಲ್ಲಿದ್ದಳು. ಅಂಚೆಯಣ್ಣ ನನ್ನ ಹೆಸರು ಕೂಗಿದ. ನಾನು ಹೋಗಿ ರುಜು ಹಾಕಿ ದುಡ್ಡು ತೆಗೆದುಕೊಂಡೆ. ಹಿಂತಿರುಗಿ ನೋಡಿದರೆ ತಂಗಿ ಕೈ ತೊಳೆದು, ಹೆಬ್ಬೆರಳು ಒರೆಸಿಕೊಂಡು, ಅದನ್ನು ಅರ್ಧ ಮುಂದೆ ಚಾಚಿ ಹೊಸ್ತಿಲಲ್ಲಿ ನಿಂತಿದ್ದಳು. ಗೊತ್ತಿದ್ದೂ ಗೊತ್ತಿದ್ದೂ ಅಭ್ಯಾಸ ಅವಳನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು.

ಅಂಚೆಯಣ್ಣ ತನ್ನ ಚೀಲದೊಳಗೆ ಸುಮ್ಮನೆ ಕೈಯಾಡಿಸಿದ.

ಅವಳಿಗೇ ತಿಳಿಯಿತು. ಹೆಬ್ಬೆರಳನ್ನು ಮಡಿಚಿಕೊಂಡು, "ನೀರು ಕುಡೀತೀರೇನ್ರಿ?" ಅಂದಳು. ಆತ ಬೇಡ ಅಂದು ಸೈಕಲ್ ಹತ್ತಿದ.

ಆ ದುಡ್ಡನ್ನು ಒಂದು ಗಳಿಗೆಯೂ ಹಿಡಿದುಕೊಳ್ಳಲು ನನ್ನಿಂದ ಆಗಲಿಲ್ಲ. ಫರಸಿಯ ಆಚೆ ಹೋಗಿ ಅವ್ವನ ಮಡಿಲಿಗೆ ಹಾಕಿದೆ. "ನಡೀ, ಸಾಕು ನಾಟಕ. ನೋಡೋರು ನೋಡಿ ಹೋದ್ರು. ನನ್ನ ಒಲಿ ಕೆಡವಿ ಬಿಡ್ತೀನಿ. ಎಲ್ಲಾರೂ ಇಲ್ಲೇ ಉಣ್ಣೋಣು," ಅಂದೆ. ಅಷ್ಟು ಹೇಳಲು ನನ್ನ ಜಂಬವನ್ನೆಲ್ಲ ನುಂಗಬೇಕಾಯಿತು.

ಅವ್ವ ಎದ್ದಳು. ಕಣ್ಣಲ್ಲಿ ನೀರಿತ್ತು. ಪಿಕಾಸಿ ಎಲ್ಲಿದೆ ಅಂತ ಮೂಲೆ ನೋಡಿದಳು ಕೂಡ.

"ಕೆಡವಬ್ಯಾಡವ್ವ," ಅಂದಳು ತಂಗಿ. "ವರ್ಷಾ ವರ್ಷಾ ಬಂದು ನೋಡ್ತಾರಂತ. ಅಕ್ಕಗ ಯಾರೂ ಇಲ್ಲ ಅಂತ ಬರ್ಕೊಂಡು ಹೋಗ್ಯಾರ. ಇಲ್ಲಿ ಬಂದು ಉಂಡ್ಲು ಅಂದ್ರ ಅದೂ ಹೋಗ್ತದ."

"ವರ್ಷಾ ವರ್ಷಾ ಅಂತ ಯಾರಂದ್ರು ನಿನಗ?" ಅಂದೆ.

"ಸಾಹೇಬರೇ ಅಂದ್ರು, ಕಾಲು ತೊಳಕೋವಾಗ. ನಾ ನೀರು ಹಾಕ್ಲಿಕತ್ತಿದ್ದೆ. ಯಾರೂ ಇಲ್ದೋರದು ಅಷ್ಟೇ ಉಳೀತದ, ಉಳದಿದ್ದೆಲ್ಲಾ ತೆಗೀಬೇಕು, ವರ್ಷಾ ವರ್ಷಾ ನೋಡಬೇಕು ಅಂತ ಪಟವಾರಿಗಿ ಹೇಳ್ಲಿಕತ್ತಿದ್ರು. ಕುರುಡಿ ಮುಂದ ಯಾರು ದನಿ ಇಳಸ್ತಾರಕ್ಕ? ನಾ ಇದ್ದಿದ್ದೇ ಅವರಿಗಿ ಕಾಣಂಗಿಲ್ಲ."

ಅಂದರೆ ಅವರು ಒಳಗೆ ಬರುವ ಮೊದಲೇ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಅವ್ವ ತನಗೆ ದುಡಿದು ಹಾಕುತ್ತಾಳೆ ಅಂದಳು, ಗೊತ್ತಿದ್ದೇ ನನಗೆ ಯಾರೂ ಇಲ್ಲ ಅಂದಳು. ನಾನು ಬಾಯಿ ಮುಚ್ಚಿಕೊಂಡು ಗೆದ್ದೆ ಅಂದುಕೊಂಡಿದ್ದನ್ನು ಅವಳು ಹೊರಗೆ ನೀರು ಹಾಕುತ್ತಲೇ ನನಗೆ ಬಿಟ್ಟುಕೊಟ್ಟಾಗಿತ್ತು. ಅವಳು ಹೊಟ್ಟೆಕಿಚ್ಚಿಗೆ ಆ ಮಾತು ಆಡಿದ್ದರೆ ನಾನು ಕ್ಷಮಿಸಿಬಿಡುತ್ತಿದ್ದೆ, ಆ ದಾರಿ ನನಗೆ ಗೊತ್ತಿರುವಂಥದ್ದು. ಒಳ್ಳೆಯತನದಲ್ಲೂ ಅವಳೇ ಮುಂದಾದದ್ದು ನೋಡಿ ಅವತ್ತು ನನಗೆ ಹೊಟ್ಟೆ ಉರಿದಷ್ಟು ಹಿಂದೆ ಎಂದೂ ಉರಿದಿರಲಿಲ್ಲ.

"ನಿಂದ್ಯಾಕ ಬಿಟ್ಟಿ?" ಅಂತ ಕೇಳಿದೆ. ಕೇಳುವಾಗ ದನಿ ಗಡುಸಾಗಿಯೇ ಬಂತು.

"ನನಗ ಅವ್ವ ಅದಾಳಲ್ಲ," ಅಂದಳು. "ನಿನಗ ಪಗಾರ ಇರ್ಲಿ."

ಚುಚ್ಚಿ ಅಂದದ್ದಲ್ಲ. ಒಂದು ರೊಟ್ಟಿಯನ್ನು ಎರಡು ಮಾಡಿ ಕೊಡುವಾಗ ಹೇಗೆ ಅನ್ನುತ್ತಾರೋ ಹಾಗೇ ಅಂದಳು. ಅವಳಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು: ತಾಟು ಎರಡು ತೊಳೆದಿಟ್ಟದ್ದು, ಒಗ್ಗರಣೆ ಯಾರಿಗೆ ಹಾಕುತ್ತಿದ್ದೆ ಅನ್ನುವುದು, ಎಲ್ಲ. ಅವ್ವ ಬಾಯಿಗೆ ಸೆರಗು ಇಟ್ಟುಕೊಂಡಳು, ಅಲ್ಲ ಅನ್ನಲಿಲ್ಲ.

ಅದಲುಬದಲು ಮಾಡಿಕೊಳ್ಳೋಣ, ಪಗಾರ ನೀನು ತೊಗೊ, ಅವ್ವ ನನಗಿರಲಿ ಅಂತ ಅಂದುಬಿಡಬೇಕು ಅನ್ನಿಸಿತು. ನಾಲಿಗೆಯ ತುದಿಯ ತನಕ ಬಂತು. ಅನ್ನಲಿಲ್ಲ, ಯಾಕೆಂದರೆ ಆಗಲೇ ಕಾಗದದಲ್ಲಿ ಬರೆದಾಗಿತ್ತು, ಮೂವರೂ ಆ ಒಂದು ಪಗಾರ ನೆಚ್ಚಬೇಕಿತ್ತು. ಅವ್ವ ಮಡಿಲಿನ ದುಡ್ಡಿನಲ್ಲಿ ಜೋಳಕ್ಕೆಂದು ಒಂದಿಷ್ಟು ತೆಗೆದಿಟ್ಟುಕೊಂಡು ಉಳಿದದ್ದನ್ನು ನನ್ನ ಕೈಗೆ ವಾಪಸು ಕೊಟ್ಟಳು. ನಾನು ಮೊಣಕಾಲಿನ ಮೇಲೆ ಕೈಯೂರಿ ಫರಸಿಯ ಈಚೆಗೆ ಬಂದೆ, ಕೂತೆ, ಒಬ್ಬಳಿಗಾಗುವಷ್ಟು ಹಿಟ್ಟು ತೆಗೆದುಕೊಂಡು ಕಲಸಿದೆ.